ಹೆಸರಘಟ್ಟದಲ್ಲಿ ಸರಿಮಾಡಿದ ಹಲಗೆಗಳು

ಆರ್.ಟಿ. ನಗರದ ಮನೆಯಿಂದ ಬೆಳಿಗ್ಗೆ ಆರಕ್ಕೇ ಹೊರಟೆ. ಎಂಬತ್ತರ ದಶಕದ ಮೊದಲ ವರ್ಷಗಳು. ಹಿತ್ತಲಿನ ಕೊಟ್ಟಿಗೆಯಲ್ಲಿ ಏಳು ಹಸುಗಳಿದ್ದವು. ಬೇಸಿಗೆ ಬಂತೆಂದರೆ ಹಸಿರು ಮೇವಿಗಾಗಿ ಅಲೆದು ಹೈರಾಣಾಗುತ್ತಿದ್ದೆ. ಹೆಸರಘಟ್ಟದ ಬಳಿಯ ಪ್ರಯೋಗದ ಹೊಲದಲ್ಲಿ ಮುಸುಕಿನ ಜೋಳದ ಆರು ಹೈಬ್ರಿಡ್ ತಳಿ ಬೆಳೆದು, ಗುಂಡಿಯಲ್ಲಿ ಹುದುಗಿಸಿಡುವ ರಸಮೇವಿಗೆ ಯಾವುದು ಮೇಲೆಂದು ತೂಗಿ ನೋಡುತ್ತಾರೆಂದು ಕೇಳಿ, ಬರುತ್ತೇನೆಂದು ಕಾರ್ಡು ಬರೆದಿದ್ದೆ.

ಯಶವಂತಪುರದಲ್ಲಿ ಎರಡು ಇಡ್ಲಿ ತಿಂದು ಬಸ್ಸು ಬದಲಿಸಿದೆ. ಎರಡು ಬಸ್ಸಿಗೂ ಸೇರಿ ಎರಡು ರೂಪಾಯಿ ಚಿಲ್ಲರೆ. ಬಾಗಲಗುಂಟೆ ದಾಟಿದ ಮೇಲೆ ಚಳಿಗಾಳಿ ಬೀಸಿತು. ಇಳಿದು ಅರ್ಧ ಮೈಲಿ ನಡೆದೆ.

ಹೊಲದ ಬಾಗಿಲಲ್ಲಿ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಕೊಯ್ಲು ಆಗಲೇ ಶುರುವಾಗಿತ್ತು. ಹಾಲುಗಾಳು ತುಂಬಿದ ತೆನೆಯನ್ನು ಗಿಡದ ಸಮೇತ ಕೊಯ್ದು, ಚೂರುಮಾಡಿ, ಗುಂಡಿಯಲ್ಲಿ ತುಳಿದು ಮುಚ್ಚುತ್ತಾರೆ. ಇನ್ನೆರಡು ವಾರಕ್ಕೆ ಕಾಳಾಗುವ ಪೈರು!

ಪ್ರಯೋಗ ಶಾರದಾ ಮೇಡಂ ಅವರದು. ಹಿಂದಿನ ವರ್ಷ ಹಂದಿ ನುಗ್ಗಿ ಎಲ್ಲ ಹಾಳಾಗಿತ್ತು. ಈ ಸಲವೂ ಕೆಟ್ಟರೆ ಹೊಲ ಬೇರೆಯವರ ಪಾಲು ಎಂದು ಮೇಲಿನವರು ಹೇಳಿಬಿಟ್ಟಿದ್ದರಂತೆ. ಗುಮಾಸ್ತ ಬಂದಿರಲಿಲ್ಲ. "ಕರೀಂ ಸಾಬ್ರೇ, ತಕ್ಕಡಿ ಹತ್ರ ಸ್ವಲ್ಪ ಬರ್ಕೊಳ್ತೀರಾ?" ಎಂದು ಮೇಡಂ ತೂಕದ ಪುಸ್ತಕ ಕೊಟ್ಟು ಗುಂಡಿಯ ಕಡೆ ಹೋದರು.

ಹೆಂಗಸರು ಹೊರೆ ತರುವುದು, ಆ ತಳಿಯ ಜಾಗದಿಂದ ಕಿತ್ತು ಮೇಲೆ ಸಿಕ್ಕಿಸಿದ ಹಲಗೆಯ ನಂಬರು ಓದಿ ನಾನು ತೂಕ ಬರೆಯುವುದು. ಷರಾ ಕಾಲಂ ಖಾಲಿಯಿತ್ತಲ್ಲ, ಸುಮ್ಮನಿರದೆ ಕಣ್ಣಿಗೆ ಕಂಡದ್ದನ್ನೂ ಗೀಚಿದೆ. ಹೊಲವನ್ನು ಉದ್ದ ಪಟ್ಟೆಗಳಾಗಿ ಮಾಡಿ, ಒಂದೊಂದು ಪಟ್ಟೆಯಲ್ಲೂ ಆರೂ ತಳಿ ಬೆಳೆದಿದ್ದರು. ಎರಡು ಪಟ್ಟೆ ಮುಗಿಯಿತು, ಹನ್ನೆರಡು ಹೊರೆ. ಮೇಡಂ ಬಂದಾಗ ನಾನು ಹೊಗಳಿದೆ.

"ನಿಮ್ಮೋರದ್ದು ಭಾರಿ ಶಿಸ್ತು ಮೇಡಂ. ಒಂದು, ಎರಡು, ಮೂರು ಅಂತ ಸಾಲಾಗಿ ತರ್ತಾರೆ."

ಮೇಡಂ ಮುಖ ಬಿಳಿಚಿಕೊಂಡಿತು. "ಸಾಲಾಗಿ ಬರೋ ಹಾಗೇ ಇಲ್ಲ ಸಾಬ್ರೇ! ಯಾವ ತಳಿಗೂ ಒಳ್ಳೇ ಮಣ್ಣು ಹೆಚ್ಚಿಗೆ ಸಿಗಬಾರದು ಅಂತ ಪ್ರತಿ ಪಟ್ಟೆಯಲ್ಲೂ ಚೀಟಿ ಎತ್ತಿ ಜಾಗ ಕೊಟ್ಟಿರ್ತೀವಿ. ನಂಬರು ಕಲಸಿಕೊಂಡೇ ಇರಬೇಕು."

ಮೇಸ್ತ್ರಿ ಮುನಿಯಪ್ಪನನ್ನು ಕೂಗಿದರು. ಅವನು ನಗುತ್ತಲೇ ಬಂದ. "ನಾನೇ ಅಮ್ಮಾ ಸರಿಮಾಡಿದ್ದು, ನೆನ್ನೆ ಸಂಜೆ. ಸಾಬ್ರು ಬತ್ತಾರೆ ಅಂತ ಕಾಗ್ದ ಬಂದಿತ್ತಲ್ಲ. ಹಲಗೆ ನೋಡಿದ್ರೆ ಮೂರಾದ್ಮೇಲೆ ಒಂದು, ಒಂದಾದ್ಮೇಲೆ ಆರು. ಇಂಗಿದ್ರೆ ಬಂದೋರು ಏನಂದ್ಕೊಂಡಾರು? ಎಲ್ಲಾ ಕಿತ್ತು ಒಂದ್ರಿಂದ ಸಾಲಾಗಿ ನೆಟ್ಟೆ."

ಯಾ ಅಲ್ಲಾ! ನನ್ನ ಕಾರ್ಡಿನಿಂದಲೇ ಆ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಬಿತ್ತಲ್ಲ! ತೂಗಿದ ಮೇವು ಚೂರಾಗಿ ಗುಂಡಿ ಸೇರಿತ್ತು, ಮತ್ತೆ ತೂಗುವಂತಿಲ್ಲ. ಮುನಿಯಪ್ಪನ ನಗೆ ಇಳಿದುಹೋಯಿತು.

ಮೇಡಂ ಪುಸ್ತಕದ ಮೊದಲ ಪುಟದ ನಕ್ಷೆ ಬಿಚ್ಚಿದರು. "ಯಾವ ಕಡೆಯಿಂದ ನೆಟ್ಟೆಯಪ್ಪಾ?"

"ಮೂಡ್ಲಿಂದ ಅಮ್ಮಾ. ಒಳ್ಳೇ ಕೆಲ್ಸಾನ ಇನ್ಯಾವ ಕಡೆಯಿಂದ ಸುರು ಮಾಡ್ತಾರೆ?"

ಹಾಗಾದರೆ ಯಾವ ಹೊರೆ ಯಾವ ಜಾಗದ್ದೆಂದು ಲೆಕ್ಕ ಹಾಕಬಹುದು. ಆದರೆ ಅವನ ಮಾತಿಗೆ ಸಾಕ್ಷಿ ಬೇಕಲ್ಲ? ಆಗ ಮೇಡಂ ಕಣ್ಣು ಷರಾ ಕಾಲಂನ ನನ್ನ ಗೀಚಿನ ಮೇಲೆ ಬಿತ್ತು. ಮೊದಲ ಪಟ್ಟೆಯ ಎರಡನೇ ಹೊರೆಯ ಮುಂದೆ "ಬುಡ ಕೆಂಪು" ಎಂದು ಬರೆದಿದ್ದೆ. ಕೆಂಪು ಬುಡ ನಾಲ್ಕನೇ ತಳಿಗೆ ಮಾತ್ರ. ನಕ್ಷೆಯಲ್ಲಿ ಅದು ಮೂಡಲಿಂದ ಎರಡನೆಯ ಜಾಗ. ಸರಿಹೋಯಿತು!

ಎರಡನೇ ಪಟ್ಟೆಯಲ್ಲೂ ನಕ್ಷೆಯ ಪ್ರಕಾರ ನಾಲ್ಕನೇ ತಳಿ ಮೂಡಲಿಂದ ಎರಡನೆಯದೇ. ಆದರೆ ನಾನು "ಬುಡ ಕೆಂಪು" ಎಂದು ಬರೆದದ್ದು ಐದನೆಯ ಹೊರೆಗೆ. ಮೇಡಂ ಅಲ್ಲೇ ಕುಸಿದು ಕೂತರು. "ಮುಗೀತು ಸಾಬ್ರೇ."

ಮುನಿಯಪ್ಪನಿಗೆ ಇದು ಅರ್ಥವೇ ಆಗಲಿಲ್ಲ. "ಎರಡ್ನೇ ಪಟ್ಟೇಲಿ ಹಲಗೆ ನೆಟ್ಟಿದ್ದು ಪಡುವಲಿಂದ ಅಲ್ವಾ ಅಮ್ಮಾ? ನೇಗ್ಲು ಕೊನೆ ಮುಟ್ಟಿದ್ಮೇಲೆ ಅಲ್ಲೇ ತಿರುಗ್ತದೆ. ಬರೀ ಕೈಲಿ ವಾಪಸ್ ಮೂಡ್ಲಿಗೆ ಯಾರು ಓಡ್ತಾರೆ? ಕುಯ್ದಿದ್ದೂ ಅಂಗೇ."

ಪಡುವಲಿಂದ ಐದನೆಯದೆಂದರೆ ಮೂಡಲಿಂದ ಎರಡನೆಯದೇ! ನಾನು ಬೆರಳಲ್ಲಿ ಮೂರು ಸಲ ಎಣಿಸಿದೆ. ಮೇಡಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು, ಆಮೇಲೆ ನಕ್ಕರು. "ಉಳೀತು," ಎಂದು, ನಡೆದದ್ದನ್ನೆಲ್ಲ ಇದ್ದದ್ದಿದ್ದಂತೆ ಪುಸ್ತಕದಲ್ಲಿ ಬರೆದು, ಕೆಳಗೆ ನನ್ನ ರುಜು ಹಾಕಿಸಿಕೊಂಡರು.

ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಕೊಟ್ಟರು.

ಬಸ್ಸಿಗೆಂದು ಹೊರಟವನು ಬೇಲಿಯ ಬಳಿ ತಿರುಗಿ ನೋಡಿದೆ. ಕೊಯ್ಯದೆ ಉಳಿದ ಮೂರನೇ ಪಟ್ಟೆಯಲ್ಲಿ ಮೇಡಂ ನಕ್ಷೆ ನೋಡಿ ನಂಬರು ಕೂಗುತ್ತಿದ್ದರು, ಮುನಿಯಪ್ಪ ಹಲಗೆ ನೆಡುತ್ತಿದ್ದ. ಐದನೇ ನಂಬರಿನ ಹಲಗೆಯ ಪಕ್ಕಕ್ಕೆ ಎರಡನೇ ನಂಬರಿನದನ್ನು ಹಿಡಿದು ನಿಂತುಬಿಟ್ಟ. ನಾನು ಇನ್ನೂ ಹೋಗಿಲ್ಲವೆಂದು ಕಂಡು ದನಿ ತಗ್ಗಿಸಿದ.

"ಅಮ್ಮಾ, ಸಾಬ್ರು ಬಸ್ ಹತ್ತಿದ್ಮೇಲೆ ನೆಡ್ಲಾ?"