ಕಿವಿ ಮೇಸ್ತ್ರಿ ಕಾರ್ಬೊರೇಟರ್ ಬಿಚ್ಚಿದ್ದು

ಇಂಜೆಕ್ಷನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕಿವಿ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಎಷ್ಟು ಗಾಳಿ ಬೇಕೆಂದು ಒಂದು ಡಬ್ಬಿ ತೀರ್ಮಾನ ಮಾಡುವುದಂತೆ, ಮನುಷ್ಯನಾದವನು ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದಂತೆ! "ಅದೇನ್ ಗಾಡೀನೋ, ಮಂಚದ ಮೇಲಿರೋ ರೋಗೀನೋ?" ಎಂದು ಮೂವತ್ತು ವರ್ಷ ಬೈದುಕೊಂಡೇ ಬಂದವನು ಅವನು. ಅಂಥವನು ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು, ಸಸಿ ಮಾರುವ ನರ್ಸರಿಯಮ್ಮನ ಹಳೇ ಟ್ರಕ್ಕಿನ ಕಾರ್ಬೊರೇಟರ್ ಕಿತ್ತುಹಾಕಿ ಇಂಜೆಕ್ಷನ್ ಕೂರಿಸೋಣ ಎಂದು ತಾನಾಗಿಯೇ ಹೇಳಿಬಿಟ್ಟ. ಪಕ್ಕದ ಶೆಡ್ಡಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಅವನ ಭಾಮೈದನಿಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು.

"ಭಾವ, ಮೈಯಲ್ಲಿ ಹುಷಾರಾಗಿದೀರಾ ತಾನೇ?"

"ನಂಗೇನಾಗಿದೆ? ಗಾಡಿ ಬೆಟ್ಟ ಹತ್ತಬೇಕಲ್ಲಪ್ಪ."

"ಇಷ್ಟು ವರ್ಷ ಹತ್ತುತ್ತಾನೇ ಇತ್ತಲ್ಲ?" ಎಂದು ಭಾಮೈದ ವೈರು ಸುತ್ತುತ್ತ, ತಲೆ ತಗ್ಗಿಸಿಕೊಂಡೇ ಕೇಳಿದ.

ಮೇಸ್ತ್ರಿ ಉತ್ತರ ಕೊಡದೆ ಹೊರಟುಹೋದ. ಭಾವನಿಗೆ ಸಿಟ್ಟು ಬಂತು ಎಂದುಕೊಂಡ ಭಾಮೈದ. ಸಿಟ್ಟೂ ಇಲ್ಲ ಮಣ್ಣೂ ಇಲ್ಲ, ಮೇಸ್ತ್ರಿಗೆ ಆ ಪ್ರಶ್ನೆ ಕೇಳಿಸಿರಲೇ ಇಲ್ಲ.

ಕಿವಿ ಮೇಸ್ತ್ರಿ ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಹದಿನೇಳರಲ್ಲಿ ಸೋದರಮಾವನ ಗ್ಯಾರೇಜು ಸೇರಿ, ಮೀಸೆ ದಪ್ಪವಾಗುವ ಹೊತ್ತಿಗೆ ಮಾವನನ್ನೇ ಮೀರಿಸಿದ್ದ. ಗಾಡಿ ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ "ಜೆಟ್ಟಲ್ಲಿ ಕಸ ಸಿಕ್ಕಿದೆ" ಎನ್ನುತ್ತ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಿದ್ದ. ಡ್ರೈವರ್ ಇಳಿದು ಬಂದು ತನ್ನ ಗೋಳು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತಿತ್ತು. ಪೆಟ್ರೋಲು ಹಾಯುವ ಆ ಪುಟ್ಟ ಹಿತ್ತಾಳೆ ಜೆಟ್ಟುಗಳನ್ನು ಹಳೇ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. ಕಸ ಸಿಕ್ಕರೆ ಬಾಯಲ್ಲೇ ಊದಿ ತೆಗೆಯುವುದು. ಮದುವೆಯಾದ ಹೊಸದರಲ್ಲಿ ಹೆಂಡತಿ ಅವನನ್ನು ಒಲೆಯ ಹತ್ತಿರ ಬರಗೊಡುತ್ತಿರಲಿಲ್ಲ. "ಅಲ್ಲೇ ನಿಂತ್ಕೊಂಡು ಮಾತಾಡಿ ಮಾರಾಯ್ರೆ, ನೀವೊಂದು ಉಸಿರು ಬಿಟ್ರೆ ಮನೇನೇ ಹೊತ್ಕೊಳ್ಳುತ್ತೆ" ಎನ್ನುತ್ತಿದ್ದಳು.

ಕಾರ್ಬೊರೇಟರಿನಲ್ಲಿ ಗಾಳಿ-ಪೆಟ್ರೋಲು ಹೊಂದಿಸುವ ಸ್ಕ್ರೂ ಒಂದಿದೆ. ಹೊರಕ್ಕೆ ತಿರುಗಿಸುತ್ತ ಹೋದರೆ ಪೆಟ್ರೋಲು ಹೆಚ್ಚಾಗಿ ಎಂಜಿನ್ ಗೊರಗೊರ ಎನ್ನುತ್ತದೆ. ಒಳಕ್ಕೆ ತಿರುಗಿಸಿದರೆ ಉಸಿರು ಕಟ್ಟಿದ ಹಾಗೆ ತಡವರಿಸುತ್ತದೆ. ಇವೆರಡರ ನಡುವೆ ಕೂದಲೆಳೆಯಷ್ಟು ಜಾಗ. ಸ್ಕ್ರೂ ಅಲ್ಲಿಗೆ ಬಂತೋ, ಅತ್ತು ಸುಸ್ತಾದ ಮಗು ಅಮ್ಮನ ಹೆಗಲಿಗೆ ತಲೆ ಕೊಟ್ಟ ಹಾಗೆ, ಎಂಜಿನ್ನಿನ ದನಿಯೇ ಬದಲಾಗಿ ಹಗುರಾಗುತ್ತದೆ. ಆ ಒಂದು ಕ್ಷಣಕ್ಕಾಗಿಯೇ ಅವನು ಬದುಕಿದ್ದು ಎಂದರೂ ತಪ್ಪಿಲ್ಲ. ಹೆಂಡತಿ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಆದರೆ ಇದು ಬೇರೆ.

ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಗಡಿಯಾರದ ಟಿಕ್ ಟಿಕ್ ಹೋಯಿತು, ಆಮೇಲೆ ಬಾಗಿಲು ಬಡಿದದ್ದು, ಆಮೇಲೆ ಹೆಂಡತಿಯ ಮೆಲುಮಾತು. ಅವಳಿಗೆ ಅನುಮಾನ ಬಂದು ಒಂದು ದಿನ ಬೆನ್ನ ಹಿಂದೆ ನಿಂತು, "ರೀ, ನಿಮ್ಮನ್ನ ಗುಜರಿಯವನಿಗೆ ಕೊಟ್ಟು ಒಂದು ಬಕೆಟ್ ತಗೊಳ್ಳಲಾ?" ಎಂದಳು. ಅವನು "ಹೂಂ ಹೂಂ, ಹಾಗೇ ಮಾಡು" ಎಂದ. ಅವಳು ನಗಲು ಹೋಗಿ ಅತ್ತಳು. ಡಾಕ್ಟರು ನರ ಸವೆದಿದೆ, ಹೋದದ್ದು ಬರುವುದಿಲ್ಲ ಎಂದರು. ಕಿವಿಗೆ ಹಾಕುವ ಯಂತ್ರವೂ ಬಂತು. ಎಂಜಿನ್ನಿನ ಮುಂದೆ ಹಾಕಿಕೊಂಡು ನಿಂತರೆ ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಕೇಳಿಸಿತು. ಕಿತ್ತು ಡ್ರಾಯರಿನಲ್ಲಿ ಹಾಕಿದವನು, ಯಾರಿಗೂ ಬಾಯಿ ಬಿಡಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡ. ಕಿವಿ ಹೋದ ಕಿವಿ ಮೇಸ್ತ್ರಿಯನ್ನು ಯಾರಾದರೂ ಮೂಸಿ ನೋಡುತ್ತಾರೆಯೇ?

ಮುಚ್ಚಿಟ್ಟದ್ದು ಹೇಗೋ ನಡೆಯುತ್ತಿತ್ತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುವನು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಎಂಜಿನ್ನಿಗಿಟ್ಟು ಕೇಳುವುದು ಹಳೇ ಪದ್ಧತಿ. ಯಾರೂ ಇಲ್ಲದಾಗ ಅವನು ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ದವಡೆಯ ಮೂಳೆಗೆ ಒಂದಿಷ್ಟು ಅದುರು ತಿಳಿಯುತ್ತಿತ್ತು, ಅದರಲ್ಲೇ ಅಂದಾಜು ಮಾಡುವುದು.

ಆ ಅಂದಾಜು ಕೊನೆಗೊಂದು ದಿನ ಕೈಕೊಟ್ಟಿತು. ನರ್ಸರಿಯಮ್ಮ ಇಪ್ಪತ್ತೆರಡು ವರ್ಷದಿಂದ ಬೆಟ್ಟದ ಮೇಲಿನ ತೋಟಗಳಿಗೆ ಸಸಿ ಸಾಗಿಸುವವಳು, ಗಾಡಿ ಓಡಿಸುವವಳೂ ಆಕೆಯೇ. ಮೇಲೆ ಹೋದಂತೆ ಗಾಳಿ ತೆಳುವಾಗಿ ಪೆಟ್ರೋಲು ಹೆಚ್ಚಾಗುವುದರಿಂದ ಮೂರನೇ ತಿರುವಿನಲ್ಲಿ ನಿಲ್ಲಿಸಬೇಕು, ಮೇಸ್ತ್ರಿ ಇಳಿದು ಆ ಸ್ಕ್ರೂ ಹೊಂದಿಸಬೇಕು. ಪ್ರತಿ ಸಲವೂ ಅವನು ಆಕೆಯ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದುದು ಅದಕ್ಕೇ. ಆ ಗಾಡಿಯ ಆರು ಸಿಲಿಂಡರಿನಲ್ಲಿ ಐದನೆಯದು ಯಾವಾಗಲೂ ಒಂಚೂರು ಹಿಂದೆ ಬೀಳುತ್ತಿತ್ತು, ಆ ತಡವರಿಕೆಯಿಂದಲೇ ಅವನು ಗಾಡಿಯನ್ನು ದೂರದಿಂದ ಗುರುತಿಸುತ್ತಿದ್ದ. ಆ ಸಲ ಹಲ್ಲಿಗೆ ಸರಿ ಎನ್ನಿಸಿದ್ದು ಎಂಜಿನ್ನಿಗೆ ಸರಿ ಇರಲಿಲ್ಲ. ಅರ್ಧ ಮೈಲಿ ಹೋಗುವಷ್ಟರಲ್ಲಿ ಗಾಡಿ ಕಪ್ಪು ಹೊಗೆ ಕಾರಿ, ಏರಿನಲ್ಲೇ ಸತ್ತು, ಹಿಂದಕ್ಕೆ ಜಾರಿತು. ಆಕೆ ಎರಡೂ ಬ್ರೇಕು ಹಿಡಿದು ನಿಲ್ಲಿಸಿದಳು. ಹಿಂದಿನ ಚಕ್ರಕ್ಕೂ ರಸ್ತೆಯ ಅಂಚಿಗೂ ಒಂದು ಗೇಣು ಉಳಿದಿತ್ತು. ಮೇಸ್ತ್ರಿ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ.

"ಪೆಟ್ರೋಲಲ್ಲೇ ಏನೋ ಕಲಬೆರಕೆ ಇರ್ಬೇಕು ಮೇಸ್ತ್ರಿ," ಎಂದಳು ಆಕೆ. "ನಿಮ್ಮ ಕಿವಿ ತಪ್ಪೋದುಂಟಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ನಂಬಿಕೆ ಅವನಿಗೆ ಮೂರು ದಿನ ಊಟ ಸೇರದಂತೆ ಮಾಡಿತು. ನಾಲ್ಕನೆಯ ದಿನ ಭಾಮೈದನ ಹತ್ತಿರ ಹೋಗಿ ಇಂಜೆಕ್ಷನ್ ಮಾತು ತೆಗೆದ. ಅದಕ್ಕೆ ಕಿವಿ ಬೇಡವಲ್ಲ.

ನರ್ಸರಿಯಮ್ಮ ಮೇಸ್ತ್ರಿಯ ಮಾತು ನಂಬಿ ಗಾಡಿ ಬಿಟ್ಟುಹೋದಳು. ಐದು ದಿನ ಕೆಲಸ. ಕಾರ್ಬೊರೇಟರನ್ನು ಬಿಚ್ಚಿದ್ದು ಮೇಸ್ತ್ರಿಯೇ, ಬೇರೆಯವರನ್ನು ಮುಟ್ಟಗೊಡಲಿಲ್ಲ. ನಾಲ್ಕು ನಟ್ಟು ತೆಗೆದು, ಹಳೇ ಗ್ಯಾಸ್ಕೆಟ್ಟನ್ನು ಬ್ಲೇಡಿನಲ್ಲಿ ಕೆರೆದು, ಆ ಜಾಗದಲ್ಲಿ ಪೆಟ್ರೋಲು ಚಿಮ್ಮಿಸುವ ಹೊಸ ಥ್ರಾಟಲ್ ಬಾಡಿ ಕೂರಿಸಿದ. ಹಳೇ ಪಂಪು ತೆಗೆದು ತೂತಿಗೆ ತಗಡು ಬಡಿದ. ಟ್ಯಾಂಕಿನ ಪಕ್ಕ ಕರೆಂಟಿನ ಪಂಪು ಬಂತು, ಮಿಕ್ಕ ಪೆಟ್ರೋಲು ವಾಪಸು ಹೋಗಲು ಇನ್ನೊಂದು ಪೈಪು ಬಂತು. ಹೊಗೆ ಕೊಳವೆಗೆ ತೂತು ಕೊರೆದು ಹೊಗೆ ಅಳೆಯುವ ಸೆನ್ಸರ್ ಬೆಸೆದರು. ಭಾಮೈದ ಸೀಟಿನ ಕೆಳಗೆ ಮಲಗಿ ವೈರೆಳೆದು, ಕಂಪ್ಯೂಟರ್ ಡಬ್ಬಿ ಕೂರಿಸಿ, ಲ್ಯಾಪ್‌ಟಾಪ್ ತೆರೆದು ಅಂಕಿಗಳನ್ನು ಹೊಂದಿಸಿದ. ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟು! ಭಾಮೈದ ಶೆಡ್ಡಿನಲ್ಲೇ ಎರಡು ಹೆಜ್ಜೆ ಕುಣಿದ. ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಿದ್ದ.

ಮರುದಿನದಿಂದ ಗ್ರಹಚಾರ ಶುರುವಾಯಿತು. ನಿಂತಲ್ಲೇ ಎಂಜಿನ್ ಏರುವುದು, ಇಳಿಯುವುದು, ಮತ್ತೆ ಏರುವುದು. ಭಾಮೈದ ಸರಿ ಮಾಡಿ ಮನೆಗೆ ಹೋದರೆ ಬೆಳಿಗ್ಗೆ ಮತ್ತದೇ ರಾಗ. ಸೆನ್ಸರ್ ಬದಲಿಸಿದ, ವೈರುಗಳನ್ನೆಲ್ಲ ಮತ್ತೊಮ್ಮೆ ನೋಡಿದ, ಸಾಮಾನು ಕೊಟ್ಟ ಅಂಗಡಿಯವನ ವಂಶವನ್ನೆಲ್ಲ ಜಾಲಾಡಿದ. ನಾಲ್ಕನೆಯ ದಿನ ತಲೆ ಕೆಟ್ಟು ಒಂದು ಗಂಟೆ ಮೊದಲೇ ಬಂದ.

ಶೆಡ್ಡಿನಲ್ಲಿ ಎಂಜಿನ್ ಓಡುತ್ತಿತ್ತು. ಭಾವ ಬಾನೆಟ್ಟಿನೊಳಗೆ ಬಗ್ಗಿದ್ದ. ಗಾಳಿ ಒಳಬಿಡುವ ಥ್ರಾಟಲನ್ನು ತಡೆದು ನಿಲ್ಲಿಸುವ ಸ್ಕ್ರೂ, ಒಮ್ಮೆ ಕೂರಿಸಿದ ಮೇಲೆ ಮುಟ್ಟಲೇಬಾರದು ಎಂದು ಸಾಮಾನಿನ ಜೊತೆ ಬಂದ ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದ ಅದೇ ಸ್ಕ್ರೂವನ್ನು, ಬಲಗೈಯಲ್ಲಿ ಸ್ವಲ್ಪ ಒಳಕ್ಕೆ, ಸ್ವಲ್ಪ ಹೊರಕ್ಕೆ ತಿರುಗಿಸುತ್ತಿದ್ದ.

"ಅಯ್ಯೋ ಭಾವ! ನೀವಾ?"

ಭಾವ ತಿರುಗಲಿಲ್ಲ. ಭಾಮೈದ ಕಿರುಚಿದ. ಅದಕ್ಕೂ ತಿರುಗಲಿಲ್ಲ. ಭಾಮೈದ ಪಕ್ಕಕ್ಕೆ ಬಂದು ನೋಡಿದ. ಭಾವನ ಎಡಗೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್, ಅದರ ಹಿಡಿ ಹಲ್ಲಿನಲ್ಲಿ. ಕಣ್ಣು ಮುಚ್ಚಿತ್ತು. ಆಗ ಭಾಮೈದನಿಗೆ ಎಲ್ಲ ತಿಳಿಯಿತು. ಮೆಲ್ಲಗೆ ಭಾವನ ಹೆಗಲು ಮುಟ್ಟಿದ.

ಮೇಸ್ತ್ರಿ ಬೆಚ್ಚಿಬಿದ್ದ. ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು.

"ಎಷ್ಟು ದಿನದಿಂದ ಭಾವ?" ಎಂದು ಭಾಮೈದ ಎದುರಿಗೆ ನಿಂತು, ಬಿಡಿಸಿ ಬಿಡಿಸಿ ಕೇಳಿದ.

"ಒಂದೂವರೆ ವರ್ಷ ಆಯ್ತು." ಮೇಸ್ತ್ರಿ ಕೈ ಒರೆಸಿಕೊಂಡ. "ನಾನೇನೂ ಹಾಳು ಮಾಡೋಕೆ ಹೋಗಿಲ್ವೋ. ಆ ಜಾಗ ಇರುತ್ತಲ್ಲ, ಸರಿಹೋಗೋ ಜಾಗ, ಅದನ್ನ ಹುಡುಕ್ತಿದ್ದೆ."

"ಇದರಲ್ಲಿ ಹುಡುಕೋದೇ ಇಲ್ಲ ಭಾವ. ನೀವು ಈ ಕಡೆ ತಿರುಗಿಸಿದ್ರೆ ಡಬ್ಬಿ ಆ ಕಡೆ ಎಳೆಯುತ್ತೆ. ನಿಮ್ಮಿಬ್ಬರ ಜಗಳದಲ್ಲಿ ಗಾಡಿ ಒದ್ದಾಡ್ತಿದೆ."

"ಬಿಟ್ರೆ ಅಲ್ಲೇ ನಿಲ್ಲುತ್ತಾ?"

"ಯಾವಾಗ್ಲೂ ಅಲ್ಲೇ."

"ಯಾರೂ ಹುಡುಕದೇನೇ?" ಎಂದು ಮೇಸ್ತ್ರಿ ಎಂಜಿನ್ನಿನ ಕಡೆ ನೋಡಿದ. ಆಮೇಲೆ, "ನರ್ಸರಿಯಮ್ಮನಿಗೆ ಹೇಳ್ಬೇಡ ಕಣೋ. ಗೊತ್ತಾದ್ರೆ ಇನ್ಮೇಲೆ ಕರ್ಕೊಂಡು ಹೋಗಲ್ಲ" ಎಂದ.

"ನಾನ್ ಹೇಳಲ್ಲ. ನೀವೇ ಹೇಳಿ. ನಿಮ್ಮ ಕಿವಿ ನಂಬ್ಕೊಂಡು ಬೆಟ್ಟ ಹತ್ತೋರು ಅವರು."

ಭಾಮೈದ ಸ್ಕ್ರೂ ಸರಿಮಾಡಿ ಅದಕ್ಕೆ ಬಣ್ಣದ ಮುದ್ರೆ ಹಾಕಿದ. ಎರಡು ದಿನ ಗಾಡಿ ತಕರಾರು ಮಾಡಲಿಲ್ಲ. ಮೂರನೆಯ ದಿನ ಸಸಿ ತುಂಬಿಕೊಂಡು ನರ್ಸರಿಯಮ್ಮ ಬಂದು ಶೆಡ್ಡಿನ ಮುಂದೆ ನಿಲ್ಲಿಸಿದಳು. ಇನ್ನು ಮೇಲೆ ಮೇಸ್ತ್ರಿ ಜೊತೆಗೆ ಬರುವ ಅಗತ್ಯವಿಲ್ಲವೆಂದು ಆಕೆಗೂ ಗೊತ್ತಿತ್ತು, ಆದರೂ "ಹತ್ತಿ ಹತ್ತಿ" ಎಂದು ಕೈಬೀಸಿದಳು. ಅವನು ಹತ್ತಿ ಕೂತ. ಗಾಡಿ ಏರನ್ನು ಏರೆಂದೇ ಲೆಕ್ಕಿಸದೆ ಹೋಗುತ್ತಿತ್ತು. ಮೊದಲ ತಿರುವಿನಲ್ಲಿ ಹೇಳಿಬಿಡೋಣ ಎಂದುಕೊಂಡ, ಆಗಲಿಲ್ಲ. ಎರಡನೆಯದೂ ಹಾಗೇ ದಾಟಿಹೋಯಿತು.

ಮೂರನೆಯ ತಿರುವಿನಲ್ಲಿ ಆಕೆ ಅಭ್ಯಾಸಬಲದಿಂದ ಗಾಡಿಯನ್ನು ಬದಿಗೆ ಹಾಕಿದಳು. ಆಮೇಲೆ ತಾನೇ ನಕ್ಕಳು. ನಿಂತದ್ದು ನಿಂತಾಯಿತಲ್ಲ ಎಂದು ಇಬ್ಬರೂ ಇಳಿದರು. ಎಂಜಿನ್ ಓಡುತ್ತಲೇ ಇತ್ತು. ಮೇಸ್ತ್ರಿ ಬಾನೆಟ್ ಎತ್ತಿದ. ಕೈಗೆ ಮಾಡಲು ಕೆಲಸವಿರಲಿಲ್ಲ.

"ಹೇಗಿದೆ ಮೇಸ್ತ್ರಿ? ಸದ್ದು ಸರಿ ಇದ್ಯಾ?" ಎಂದಳು ಆಕೆ.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೂಂ ಎನ್ನುವುದು ಅವನಿಗೆ ಚೆನ್ನಾಗಿ ರೂಢಿಯೂ ಆಗಿತ್ತು.

"ನೀವೇ ಕೇಳಿ ಹೇಳಿ ಅಮ್ಮ. ನಂಗೆ ಕೇಳಿಸ್ತಿಲ್ಲ."

"ಅಂದ್ರೆ?"

"ಕಿವಿ ಹೋಗಿದೆ. ಅವತ್ತು ಗಾಡಿ ಜಾರಿದ್ದು ಪೆಟ್ರೋಲಿಂದ ಅಲ್ಲ, ನನ್ನಿಂದ. ನಿಮ್ಮ ಜೀವ ಹೋಗ್ತಿತ್ತು. ಬಾಯಿ ಬಿಡೋಕೆ ನಂಗೆ ಧೈರ್ಯ ಬರ್ಲಿಲ್ಲ."

ಆಕೆಯ ಮುಖ ಒಮ್ಮೆ ಕೆಂಪಾಯಿತು. ಏನೋ ಅನ್ನಲು ಹೋಗಿ ಅವನ ಮುಖ ನೋಡಿ ಬಿಟ್ಟುಬಿಟ್ಟಳು. ಆಮೇಲೆ ಈ ಕಡೆ ಬಂದು, ಎಂಜಿನ್ನಿನ ಮೇಲೆ ಬಗ್ಗಿ ಕಿವಿಗೊಟ್ಟಳು. ಇಪ್ಪತ್ತೆರಡು ವರ್ಷ ಓಡಿಸಿದ ಗಾಡಿಯ ಸದ್ದನ್ನು ಆಕೆ ಒಂದು ದಿನವೂ ನಿಂತು ಕೇಳಿದವಳಲ್ಲ. ಕೇಳಲು ಮೇಸ್ತ್ರಿ ಇದ್ದನಲ್ಲ.

"ಒಂದೇ ಸಮ ಇದೆ ಮೇಸ್ತ್ರಿ," ಎಂದು ಅವನಿಗೆ ತುಟಿ ಕಾಣುವಂತೆ ಹೇಳಿದಳು.

"ಐದನೇ ಸಿಲಿಂಡರ್ ನೋಡಿ. ಅದು ಒಂಚೂರು ಹಿಂದೆ ಬೀಳುತ್ತೆ. ಮಿಕ್ಕ ಐದೂ ಒಂದು ಥರ, ಅದು ಬೇರೆ. ಸರಿಯಾಗಿ ಕೇಳಿ."

ಆಕೆ ಮತ್ತೆ ಬಗ್ಗಿದಳು. ಈ ಸಲ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. "ಇಲ್ಲ ಮೇಸ್ತ್ರಿ. ಐದನೇದು ಯಾವ್ದು ಅಂತ ಗೊತ್ತೇ ಆಗ್ತಿಲ್ಲ."

ಐದನೆಯದೂ ಮಿಕ್ಕವುಗಳ ಜೊತೆ ಸೇರಿಹೋಗಿತ್ತು. ಮೇಸ್ತ್ರಿ ತಲೆಯಾಡಿಸಿದ. ಎಂಜಿನ್ನಿಗೆ ಇದಕ್ಕಿಂತ ಒಳ್ಳೆಯದು ಇನ್ನೇನಾಗಬೇಕು? ಅದಕ್ಕೇ ತಾನೇ ಅವನು ಐದು ದಿನ ಬೆನ್ನು ಬಗ್ಗಿಸಿದ್ದು? ಆದರೂ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡ.

"ಬಿಚ್ಚೋ ಮುಂಚೆ ನೀವಾದ್ರೂ ಆ ಐದನೇದನ್ನ ಒಂದ್ಸಲ ಕೇಳ್ಬೇಕಿತ್ತು ಅಮ್ಮ," ಎಂದ. "ಒಂದೇ ಒಂದ್ಸಲ."

ಆಕೆ ಬಾನೆಟ್ಟನ್ನು ತಾನೇ ಮುಚ್ಚಿದಳು. ಆ ಕಡೆಗೆ ಹೋಗಿ ಅವನು ಕೂರುವ ಸೀಟಿನ ಬಾಗಿಲು ತೆಗೆದು, ಅವನು ಬರುವ ತನಕ ಹಿಡಿದು ನಿಂತಳು.