ಕೈ ಕಟ್ಟಿ ಕೂರುವ ಮೆಕ್ಯಾನಿಕ್

ಕಾಗೆಗಳೇ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಚಿಕ್ಕಮ್ಮ ಬಂದವರೇ ಮೂಲೆಯಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಾರೆ. ಇದು ಚಳಿಗಲ್ಲ. ಎದುರಿಗೆ ಕೆಟ್ಟುಹೋದ ಗಾಲಿಕುರ್ಚಿಯೊಂದು ನಿಂತಿದೆ. ಕೈಗಳನ್ನು ಬಿಟ್ಟರೆ ಅವು ತಾವಾಗಿಯೇ ಹೋಗಿ ಅದನ್ನು ರಿಪೇರಿ ಮಾಡಿಬಿಡುತ್ತವೆ ಎಂಬ ಭಯ.

ಇಡೀ ಬೀದಿಗೆ ಇವರು ಸೈಕಲ್ ಚಿಕ್ಕಮ್ಮ. ಇವರಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಮೂಲೆಯ ಸೈಕಲ್ ಅಂಗಡಿ ಇವರದು, ಅದಕ್ಕೂ ಮೊದಲು ಇವರ ಅಪ್ಪನದು. ಒಮ್ಮೆ ಚಿಕ್ಕಮ್ಮ ನಿದ್ದೆಯಲ್ಲೇ ಎದ್ದು ಗೋಡೆ ಗಡಿಯಾರ ಬಿಚ್ಚಿ, ಎಣ್ಣೆ ಹಾಕಿ, ಜೋಡಿಸಿ, ಮತ್ತೆ ಮಲಗಿದರಂತೆ. ಅಂದಿನಿಂದ ಆ ಗಡಿಯಾರ ಎಷ್ಟು ಸರಿಯಾಗಿ ನಡೆಯುತ್ತದೆಂದರೆ, ಸೂರ್ಯನೇ ಒಮ್ಮೊಮ್ಮೆ ತಡವಾಗಿ ಬರುತ್ತಾನೆ. ಬ್ರೆಡ್ಡಿನ ವ್ಯಾನ್ ಓಡಿಸುವ ಅವರ ಗಂಡ ಇದಕ್ಕೆ ಕಣ್ಣಾರೆ ಕಂಡ ಸಾಕ್ಷಿ. ಆದರೆ ಅವರೂ ಆಗ ನಿದ್ದೆಯಲ್ಲಿದ್ದರು.

ಈಗ ಬಕೆಟ್ ಹಾಕಿ ಕೂತಿರುವ ಈ ಕೋಣೆ ಮಾತ್ರ ಚಿಕ್ಕಮ್ಮನದಲ್ಲ. ಬೀದಿಯವರೇ ಸೇರಿ ನಡೆಸುವ ಸಂಘವೊಂದರದು. ಆಸ್ಪತ್ರೆಯಿಂದ ಮನೆಗೆ ಬರುವವರಿಗೆ ಗಾಲಿಕುರ್ಚಿ, ವಾಕರ್, ಊರುಗೋಲನ್ನು ಸಂಘ ಪುಕ್ಕಟೆಯಾಗಿ ಕೊಡುತ್ತದೆ. ಗುಣವಾದ ಮೇಲೆ ವಾಪಸು ತಂದುಕೊಟ್ಟರಾಯಿತು. ನಿವೃತ್ತ ನರ್ಸ್ ಒಬ್ಬರು ಇದರ ಕಾರ್ಯದರ್ಶಿ, ಎಲ್ಲರ ಬಾಯಲ್ಲೂ ಅವರು ಸಿಸ್ಟರ್. ಎದುರುಮನೆಯ ಟೈಲರ್ ಮಾಮ ಸಂಘದ ಉಳಿದೆಲ್ಲವೂ. ಒಂದೇ ತೊಂದರೆ. ಕಾಲು ಮುರಿದವರು ಗುಣವಾಗಿ ನಡೆದು ಬರುತ್ತಾರೆ, ಕುರ್ಚಿ ಕಾಲು ಮುರಿದುಕೊಂಡು ಬರುತ್ತದೆ.

ಹೊಸ ಕುರ್ಚಿ ದಾನ ಕೊಟ್ಟು ಫೋಟೋ ತೆಗೆಸಿಕೊಳ್ಳುವವರಿಗೆ ಬರವಿರಲಿಲ್ಲ. ಹಳೆಯದರ ನಟ್ಟು ಬಿಗಿ ಮಾಡುವವರು ಇರಲಿಲ್ಲ. ಬಾಗಿಲು ತೆರೆದರೆ ಕುರ್ಚಿಗಳೇ ಮೈಮೇಲೆ ಬೀಳುವಂತಾದಾಗ ಸಿಸ್ಟರ್ ಸಂಘ ಮುಚ್ಚುವ ಮಾತೆತ್ತಿದ್ದರು. ಆಗ ಬಂದವರು ಚಿಕ್ಕಮ್ಮ. ಅಂಗಡಿ ತೆರೆಯುವ ಮೊದಲಿನ ಹೊತ್ತನ್ನೆಲ್ಲ ಕೊಟ್ಟು ಅಷ್ಟೂ ಕುರ್ಚಿಗಳನ್ನು ಓಡುವಂತೆ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮಗಳ ಬಾಣಂತನಕ್ಕೆಂದು ಚಿಕ್ಕಮ್ಮ ಊರು ಬಿಟ್ಟರು. ತಿರುಗಿ ಬಂದು ನೋಡಿದರೆ ಕೋಣೆ ಮತ್ತೆ ಭರ್ತಿ, ಬಾಗಿಲಿಗೆ ‘ಕುರ್ಚಿ ಇಲ್ಲ’ ಎಂಬ ಬೋರ್ಡು.

“ನಾನ್ ಕುರ್ಚಿ ರಿಪೇರಿ ಮಾಡಿದ್ದೆ ಅಷ್ಟೆ,” ಎನ್ನುತ್ತಾರೆ ಚಿಕ್ಕಮ್ಮ. “ಸಂಘ ಹಾಗೇ ಕುಂಟ್ತಾ ಇತ್ತು.”

ಅಂದಿನಿಂದ ಅವರು ಈ ಕೋಣೆಯಲ್ಲಿ ಸ್ಪ್ಯಾನರ್ ಮುಟ್ಟಿಲ್ಲ. ಬಾಯಿಗೆ ಮಾತ್ರ ರಜೆ ಇಲ್ಲ, ಸಿಸ್ಟರಿಗೂ ಮಾಮನಿಗೂ ರಿಪೇರಿ ಕಲಿಸುವುದೆಲ್ಲ ಬಾಯಲ್ಲೇ. ಸ್ಪ್ಯಾನರನ್ನು ಹಾವಿನ ಮರಿಯಂತೆ ಹಿಡಿಯುತ್ತಿದ್ದ ಸಿಸ್ಟರಿಗೆ ಮೊದಲ ದಿನವೇ ಬಿತ್ತು: “ಅಲ್ಲ ಸಿಸ್ಟರ್, ಕಿರುಚಾಡೋ ಮಗು ಕೈಯಲ್ಲಿ ನರ ಹುಡುಕಿದೋರು ನೀವು. ನಟ್ಟು ಕಿರುಚೋದೂ ಇಲ್ಲ, ಒದೆಯೋದೂ ಇಲ್ಲ. ಇನ್ನೇನ್ ಬೇಕು ನಿಮಗೆ?” ಟೈಲರ್ ಮಾಮ ಮೊದಲು ಜೋಡಿಸಿದ ಕುರ್ಚಿಯ ಕಥೆಯೇ ಬೇರೆ. ಅದು ಹಿಂದಕ್ಕೆ ಮಾತ್ರ ಹೋಗುತ್ತಿತ್ತು. ಅದನ್ನು ಹತ್ತಿದವರೊಬ್ಬರು ಹಿಂದೆ ಹಿಂದೆ ಹೋಗಿ ಕಳೆದ ವಾರಕ್ಕೇ ತಲುಪಿಬಿಟ್ಟರೆಂದು ಮಾಮ ಈಗಲೂ ಗಂಭೀರವಾಗಿ ಹೇಳುತ್ತಾರೆ.

ಇವತ್ತು ಮಾತ್ರ ಯಾರಿಗೂ ಕಥೆ ಹೇಳುವ ಪುರುಸೊತ್ತಿಲ್ಲ. ಹಿಂದಿನ ಬೀದಿಯ ಬಸ್ ಡ್ರೈವರ್ ತನ್ನ ತಾಯಿಯನ್ನು ಬೆಳಿಗ್ಗೆ ಆಸ್ಪತ್ರೆಯಿಂದ ಕರೆತರುತ್ತಿದ್ದಾನೆ. ಸೊಂಟದ ಆಪರೇಷನ್ ಆಗಿದೆ. ಕುರ್ಚಿ ಸಿಗದಿದ್ದರೆ ಆಕೆ ಮನೆಗೆ ಬಂದರೂ ಹಾಸಿಗೆಗೇ ಅಂಟಿಕೊಳ್ಳಬೇಕು. ರಿಪೇರಿಯಾದ ಬೇರೆಲ್ಲ ಕುರ್ಚಿಗಳು ಬೇಕಾದವರ ಮನೆಗೆ ಹೋಗಿವೆ. ಉಳಿದಿರುವುದು ಇದೊಂದೇ, ಇದು ಎಡಕ್ಕೆ ಎಳೆಯುತ್ತದೆ.

ಇನ್ನೂ ಒಂದು ಮಾತಿದೆ. ಸೇತುವೆಯಾಚೆ ವಯಸ್ಸಾದವರು ಹಗಲು ಹೊತ್ತು ಕಳೆಯುವ ಹಗಲುಮನೆಯಲ್ಲೂ ಇಂಥದೇ ಕುರ್ಚಿಗಳ ರಾಶಿ ಬಿದ್ದಿದೆ. ಅಲ್ಲಿಯವರು ಚಿಕ್ಕಮ್ಮನನ್ನು ಕಾಯುತ್ತಿದ್ದಾರೆ. ಇವತ್ತಿನ ಕುರ್ಚಿಯನ್ನು ಸಿಸ್ಟರ್, ಮಾಮ ಇಬ್ಬರೇ, ನನ್ನ ಸುಳಿವೂ ಇಲ್ಲದೆ ಸರಿಮಾಡಿದರೆ ಅಲ್ಲಿಗೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲೇ ಈ ಬಕೆಟ್ ಮೇಲೆ ಮುದುಕಿಯಾಗುತ್ತೇನೆ ಎಂದು ಚಿಕ್ಕಮ್ಮ ಹೇಳಿಬಿಟ್ಟಿದ್ದಾರೆ.

ಸಿಸ್ಟರ್ ಮುಂದಿನ ಪುಟ್ಟ ಚಕ್ರ ಬಿಚ್ಚುತ್ತಾರೆ. ಬೇರಿಂಗ್ ಒರೆಸಿ, ಗ್ರೀಸ್ ಸವರಿ, ಜೋಡಿಸುತ್ತಾರೆ. ಚಕ್ರ ಬುಗುರಿಯಂತೆ ತಿರುಗುತ್ತದೆ. ತಳ್ಳಿದರೆ ಕುರ್ಚಿ ಮತ್ತೆ ಎಡಕ್ಕೇ. ಮಾಮ ಪಂಪ್ ತಂದು ಗಾಳಿ ಹೊಡೆಯಲು ಹೊರಡುತ್ತಾರೆ. ಆ ಚಕ್ರ ಗಟ್ಟಿ ರಬ್ಬರಿನದು, ಅದಕ್ಕೆ ಗಾಳಿಯೇ ಇಲ್ಲ ಎಂದು ಸಿಸ್ಟರ್ ನೆನಪಿಸುತ್ತಾರೆ. ಮಾಮ ಪಂಪನ್ನು ಒರೆಸಲಿಕ್ಕೆಂದೇ ತಂದವರಂತೆ ಒರೆಸಿ ಕೆಳಗಿಡುತ್ತಾರೆ.

ಬಕೆಟ್ ಮೇಲೆ ಚಿಕ್ಕಮ್ಮನ ಮಂಡಿ ಕುಣಿಯತೊಡಗುತ್ತದೆ. ತಡೆಯಲಾಗದೆ ಕಾಲಿನ ಹೆಬ್ಬೆರಳು ಚಾಚಿ ಏನನ್ನೋ ತೋರಿಸಲು ಹೋಗುತ್ತಾರೆ. ಕಾಲಲ್ಲೂ ತೋರಿಸಕೂಡದು ಎಂದು ಸಿಸ್ಟರ್ ಗದರುತ್ತಾರೆ, ಇಂಜೆಕ್ಷನ್ ಕೊಡುವ ಹಳೆಯ ದನಿಯಲ್ಲೇ. ಚಿಕ್ಕಮ್ಮ ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಹಾದುಹೋಗುವ ಹಾಲಿನವನು ಏನು ತಪ್ಪು ಮಾಡಿದಿರಿ ಎಂದು ವಿಚಾರಿಸುತ್ತಾನೆ.

ಒಳಗೆ ಟೈಲರ್ ಮಾಮ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದಾರೆ. ಚಕ್ರವನ್ನು ಹಿಡಿದ ಕವಲಿನ ನೆತ್ತಿಯಲ್ಲಿ, ಕವಲು ಅತ್ತಿತ್ತ ತಿರುಗುವ ಸಂದಿಯಲ್ಲಿ, ಕೆಂಪು ಎಳೆಯೊಂದು ಇಣುಕುತ್ತಿದೆ. ಅವರ ಹೊಲಿಗೆ ಮಷಿನ್ನಿನ ಬಾಬಿನ್ ಕೇಸಿನಲ್ಲೂ ಹೀಗೇ ದಾರ ನುಗ್ಗಿ, ಸುತ್ತಿಕೊಂಡು, ಮಷಿನ್ನೇ ಹಟ ಹಿಡಿದು ನಿಲ್ಲುವುದುಂಟು. ಮಾಮ ಜೇಬಿನಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆಯುತ್ತಾರೆ.

“ಸಿಸ್ಟರ್, ಟಾರ್ಚ್ ಹಿಡೀರಿ. ಇದು ಮೆಕ್ಯಾನಿಕ್ ಕೇಸಲ್ಲ, ನಮ್ಮ ಕೇಸು.”

ಎಳೆ ಹೊರಬರುತ್ತದೆ. ಅದರ ಹಿಂದೆ ಯಾರದೋ ಶಾಲಿನ ಅಂಚು, ಅದರ ಹಿಂದೆ ಕೂದಲು, ಮತ್ತೆ ದಾರ. ಎಳೆದಷ್ಟೂ ಬರುತ್ತಲೇ ಇದೆ. ಒಂದು ಸ್ವೆಟರಿಗಾಗುವಷ್ಟು ಬಂತು, ಅದೂ ತುಂಬುತೋಳಿನದು ಎನ್ನುವುದು ಮಾಮನ ಅಳತೆ. ಟೈಲರ್ ಅಳತೆಯನ್ನು ಪ್ರಶ್ನಿಸುವಂತಿಲ್ಲ.

ಸಿಸ್ಟರ್ ಕುರ್ಚಿಯಲ್ಲಿ ಕೂರುತ್ತಾರೆ, ಮಾಮ ತಳ್ಳುತ್ತಾರೆ. ಬಾಗಿಲು ದಾಟಿ, ಇಳಿಜಾರು ಇಳಿದು, ಕುರ್ಚಿ ಬೀದಿಯ ನಡುವೆ ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತದೆ. ಸಿಸ್ಟರ್ ನಗುತ್ತಿದ್ದಾರೆ, ಮಾಮ ಏದುಸಿರು ಬಿಡುತ್ತಾ ಇನ್ನೂ ಜೋರಾಗಿ ತಳ್ಳುತ್ತಿದ್ದಾರೆ, ಹಾಲಿನವನು ಸೈಕಲ್ಲನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. ಗೋಡೆಗೆ ಮುಖ ಮಾಡಿದ್ದ ಚಿಕ್ಕಮ್ಮ ಸದ್ದು ಕೇಳಿಯೇ ತಿರುಗುತ್ತಾರೆ. ಕಣ್ಣಲ್ಲಿ ನೀರಿದೆ. ಗೋಡೆಯ ಸುಣ್ಣ ಬಿದ್ದಿತೆಂದು ಹೇಳುತ್ತಾರೆ.

“ನಾನಾಗಿದ್ರೆ ಆ ಕವಲನ್ನೇ ಕಿತ್ತು ಬೇರೆ ಹಾಕ್ತಿದ್ದೆ,” ಎಂದು ಆಮೇಲೆ ಒಪ್ಪಿಕೊಳ್ಳುತ್ತಾರೆ. “ಆ ಮನುಷ್ಯ ನಾನ್ ಹೇಳಿಕೊಡದೆ ಇರೋದನ್ನ ಮಾಡಿದ್ರು. ಸೇತುವೆ ಆಚೆ ಹೋಗೋಕೆ ಇನ್ನೇನ್ ಬೇಕು?” ಅಲ್ಲಿಯೂ ಒಬ್ಬ ಟೈಲರ್ ಸಿಕ್ಕರೆ ಸಾಕು ಎನ್ನುವುದು ಅವರ ಸದ್ಯದ ಆಸೆ.

ಡ್ರೈವರ್ ಬರುವಾಗ ಕುರ್ಚಿ ಬಾಗಿಲಲ್ಲಿ ಕಾಯುತ್ತಿದೆ. ಒಂದು ಸುತ್ತು ತಳ್ಳಿ ನೋಡಿದವನೇ, ಅಭ್ಯಾಸದಂತೆ ನೇರ ಚಿಕ್ಕಮ್ಮನ ಬಳಿ ಬಂದು, ಎಲ್ಲ ನಿಮ್ಮ ಕೈಗುಣ ಎಂದು ಕೈಮುಗಿಯುತ್ತಾನೆ. ಚಿಕ್ಕಮ್ಮ ಅವನ ಮೂಗಿನ ಮುಂದೆ ಎರಡೂ ಅಂಗೈ ಅಗಲಿಸಿ, ಹಿಂದೆ ಮುಂದೆ ತಿರುಗಿಸಿ ತೋರಿಸುತ್ತಾರೆ.

“ನೋಡ್ಕೋ ಕಣಪ್ಪ. ಒಂದ್ ಚೂರು ಗ್ರೀಸಿಲ್ಲ.”