ಟಿಕಟಿಕಿ ಕಪ್ಪೆಯ ಅಪ್ಪಿ

ಅಪ್ಪಿ ಏನೋ ಕಿತಾಪತಿ ನಡೆಸುತ್ತಿದ್ದಾಳೆ ಎಂಬುದು ಅವಳ ಮುಖ ನೋಡಿದವರಿಗೆ ಎಂದೂ ತಿಳಿಯುತ್ತಿರಲಿಲ್ಲ. ಮುಖ ಪ್ರಸಾದದ ಸಾಲಿನಲ್ಲಿ ನಿಂತವರ ಮುಖದ ಹಾಗೆ ಗಂಭೀರವಾಗಿರುತ್ತಿತ್ತು. ಗಂಡ ಕೊರಗನಿಗೆ ಮಾತ್ರ ಗುಟ್ಟು ಗೊತ್ತಿತ್ತು. ಅವಳ ಬಲಗಾಲಿನ ಹೆಬ್ಬೆರಳು ನೆಲ ಕೆರೆಯತೊಡಗಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಅರ್ಥ.

ಕಟಪಾಡಿ ಕಡೆಯ ಹುಡುಗಿ. ಮದುವೆಯಾದ ವರ್ಷವೇ ಮಂಗಳೂರಿನಿಂದ ಹಡಗು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತಾ ಮುಂಬಯಿಗೆ ಬಂದಿಳಿದಿದ್ದಳು. ಕೊರಗ ದಾದರಿನ ಉಡುಪಿ ಹೋಟೆಲೊಂದರಲ್ಲಿ ದೋಸೆಯ ಕಾವಲಿ ನೋಡಿಕೊಳ್ಳುತ್ತಿದ್ದ. ಬೈಕುಲ್ಲಾದ ಲಖ್ಮೀದಾಸ್ ಚಾಳಿನ ಮೊದಲ ಮಾಳಿಗೆಯಲ್ಲಿ ಅವರಿಗೊಂದು ಖೋಲಿ. ಗಂಡ ಬೆಳಗಿನ ಮೊದಲ ಲೋಕಲ್ ಹಿಡಿದು ಹೋದರೆ ಕತ್ತಲಾದ ಮೇಲೆಯೇ ಬರುವುದು. ನಡುವಿನ ಹೊತ್ತನ್ನು ಗೋಡೆ ನೋಡಿ ಕಳೆಯುವ ಜಾತಿಯವಳಲ್ಲ ಅಪ್ಪಿ. ಎರಡನೆಯ ವರ್ಷ ಅವಳೇ ಹೋಗಿ ಪಕ್ಕದ ಗಲ್ಲಿಯ ತಗಡಿನ ಕಾರ್ಖಾನೆಯಲ್ಲಿ ಕೆಲಸ ಕೇಳಿಕೊಂಡಳು.

ಅಲ್ಲಿ ಹಳೆಯ ಎಣ್ಣೆಡಬ್ಬಿ, ಬಿಸ್ಕತ್ತಿನ ಡಬ್ಬಿಗಳ ತಗಡನ್ನು ಅಚ್ಚಿಗೆ ಕೊಟ್ಟು ಕಪ್ಪೆ ಮಾಡುತ್ತಿದ್ದರು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಮೇಲೆ ಹಸಿರು ಬಣ್ಣ, ಹೊಟ್ಟೆಯೊಳಗೆ ಉಕ್ಕಿನ ಒಂದು ಪಟ್ಟಿ. ಹೆಬ್ಬೆರಳಿನಿಂದ ಆ ಪಟ್ಟಿ ಒತ್ತಿದರೆ ಟಿಕ್, ಬಿಟ್ಟರೆ ಟಿಕ್. ಮುಂಬಯಿಯ ಮಕ್ಕಳು ಅದನ್ನು ಟಿಕಟಿಕಿ ಎನ್ನುತ್ತಿದ್ದರು. ಗಾಜಿನ ಗೋಟಿ, ಬುಗುರಿ, ಗಾಳಿಪಟ, ಟಿಕಟಿಕಿ, ಈ ನಾಲ್ಕಿಲ್ಲದ ಗಲ್ಲಿ ಆಗ ಊರಲ್ಲೇ ಇರಲಿಲ್ಲ. ಹೊಟ್ಟೆಗೆ ಪಟ್ಟಿ ಕೂರಿಸುವುದು ಅಪ್ಪಿಯ ಕೆಲಸ. ತಾನು ಚಿಕ್ಕವಳಿದ್ದಾಗ ತೆಂಗಿನ ಗೆರಟೆಯ ತಕ್ಕಡಿ, ಗರಿಯ ಗಿರಗಿಟ್ಲೆ ಬಿಟ್ಟರೆ ಅಂಗಡಿಯ ಆಟಿಕೆ ಒಂದನ್ನೂ ಮುಟ್ಟದಿದ್ದವಳು ಈಗ ದಿನಕ್ಕೆ ಮುನ್ನೂರು ಕಪ್ಪೆಗಳಿಗೆ ದನಿ ಕೊಡುತ್ತಿದ್ದಳು. ಆ ಕೆಲಸ ಅವಳಿಗೆ ಬಹಳ ಹಿಡಿಸಿತ್ತು.

ಚಾಳಿನ ಎರಡನೆಯ ಮಾಳಿಗೆಯಲ್ಲಿ ಮೈಸೂರಿನ ತಿರುಮಲೇಶರಾಯರಿದ್ದರು. ರೈಲ್ವೆಯಲ್ಲಿ ಪ್ರಯಾಣಿಕರು ಮರೆತು ಬಿಟ್ಟುಹೋದ ಸಾಮಾನುಗಳನ್ನು ಕಾಯುವ ಆಫೀಸಿನ ಗುಮಾಸ್ತರು. ಕೊಡೆ, ಟ್ರಂಕು, ಒಂಟಿ ಚಪ್ಪಲಿ, ಎಲ್ಲಕ್ಕೂ ಚೀಟಿ ಕಟ್ಟಿ ನಂಬರು ಹಾಕಿ ಹಾಕಿ ಅವರಿಗೆ ಚೀಟಿಯಿಲ್ಲದ ವಸ್ತುವನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಚಾಳಿನ ಕಮಿಟಿಗೂ ಅವರೇ ಸೆಕ್ರೆಟರಿ.

೧೯೫೩ರ ಚಳಿಗಾಲದ ಒಂದು ಬೆಳಿಗ್ಗೆ ರಾಯರು ಇಸ್ತ್ರಿಯ ಕೋಟು, ಕಚ್ಚೆಪಂಚೆ, ಪೇಟ ಧರಿಸಿ ಮೆಟ್ಟಿಲಿಳಿಯುತ್ತಿದ್ದಾಗ ಯಾರದೋ ಗೋಟಿಯೊಂದು ಅವರ ಪಾದದಡಿ ಸಿಕ್ಕಿತು. ಐದು ಮೆಟ್ಟಿಲನ್ನು ಅವರು ಕೂತುಕೊಂಡೇ ಇಳಿದರು. ಕೆಳಗೆ ಮುಟ್ಟುವ ಹೊತ್ತಿಗೆ ಕಂಕುಳಲ್ಲಿದ್ದ ಕೊಡೆ ತಾನಾಗಿ ಬಿಚ್ಚಿಕೊಂಡಿತ್ತು. ಪೆಟ್ಟೇನೂ ಆಗಲಿಲ್ಲ. ಆದರೆ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ಅದನ್ನು ನೋಡಿದರು.

ಮರುದಿನವೇ ಬೋರ್ಡಿನ ಮೇಲೆ ನಿಯಮ ಬಂತು. ಮೆಟ್ಟಿಲು, ಗ್ಯಾಲರಿ, ಅಂಗಳದಲ್ಲಿ ಕಂಡ ಆಟಿಕೆಗಳನ್ನೆಲ್ಲ ಜಪ್ತಿ ಮಾಡಲಾಗುವುದು. ಬಿಡಿಸಿಕೊಳ್ಳಬೇಕಾದವರು ತಮ್ಮ ತಂದೆಯ ಸಹಿಯೊಂದಿಗೆ ಅರ್ಜಿ ತರತಕ್ಕದ್ದು. ಮಿಲ್ಲಿನಲ್ಲೋ ಹೋಟೆಲಿನಲ್ಲೋ ದುಡಿದು ಬರುವ ಅಪ್ಪಂದಿರಿಗೆ ಗೋಟಿಯ ಮಾತೆತ್ತುವ ಧೈರ್ಯ ಯಾವ ಮಗುವಿಗಿದೆ? ತಿಂಗಳೊಳಗೆ ರಾಯರ ಕಬ್ಬಿಣದ ಪೆಟ್ಟಿಗೆ ತುಂಬಿತು. ಬುಗುರಿಗಳು, ರಬ್ಬರ್ ಚೆಂಡು, ಕವಣೆ, ಸೈಕಲ್ಲಿನ ಒಂದು ಬರಿ ಚಕ್ರ, ಮರದ ಅಡುಗೆ ಸೆಟ್ಟು. ಎಲ್ಲದರ ಕೊರಳಿಗೂ ಚೀಟಿ.

ಅಪ್ಪಿ ಇದನ್ನೆಲ್ಲ ನೋಡಿಯೂ ಸುಮ್ಮನಿದ್ದಳು. ಒಂದು ಸಂಜೆ ಕಾರ್ಖಾನೆಯಿಂದ ಬರುವಾಗ ಎದುರು ಖೋಲಿಯ ಒಂಬತ್ತು ವರ್ಷದ ಮೋಹಿನಿ ಮೆಟ್ಟಿಲ ಮೇಲೆ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಿದ್ದಳು. ಮುಂಬಯಿಯಲ್ಲೇ ಹುಟ್ಟಿದ ಮಗು, ಕನ್ನಡ ತಡವರಿಸುತ್ತಿತ್ತು.

"ಎಂತಾಯ್ತು ಮಗಾ?"

"ಮಾವ್ಶಿ, ನಾನು ಖೇಳ್ತಾನೇ ಇರ್ಲಿಲ್ಲ. ಗೊಂಬೆಗೆ ಸ್ನಾನ ಮಾಡಿಸಿದ್ದೆ. ಸೂಖ್ನೇ ಕೇ ಲಿಯೇ ಬಿಸಿಲಲ್ಲಿ ಇಟ್ಟಿದ್ದು. ರಾಯರು ಲೇಕೆ ಗಯೇ."

"ಗೊಂಬೆ ಒಣಗಿತ್ತಾ?"

"ಇಲ್ಲ. ಗೀಲೀ ಥೀ."

ಒದ್ದೆ ಗೊಂಬೆಯನ್ನು ಪೆಟ್ಟಿಗೆಯ ಕತ್ತಲಿಗೆ ಹಾಕಿದರು ಎಂಬ ಮಾತು ಅಪ್ಪಿಗೆ ಯಾಕೋ ನಾಟಿತು. ಹೆಬ್ಬೆರಳು ನೆಲ ಕೆರೆಯಿತು.

ಮಾರನೆಯ ದಿನ ಅವಳು ಕಾರ್ಖಾನೆಯ ಮೇಸ್ತ್ರಿ ಈರಣ್ಣನ ಪಕ್ಕದಲ್ಲಿ ಹೋಗಿ ಕೂತಳು. ಗದಗಿನ ಕಡೆಯ ಈರಣ್ಣ ಸಿದ್ಧವಾದ ಪ್ರತಿಯೊಂದು ಕಪ್ಪೆಯನ್ನೂ ಒತ್ತಿ ನೋಡುವವನು. ಹದಿನೈದು ವರ್ಷ ಒತ್ತಿ ಅವನ ಹೆಬ್ಬೆರಳು ಚಮಚದಂತೆ ಚಪ್ಪಟೆಯಾಗಿತ್ತು. ಅವನ ಎಡಕ್ಕೆ ಬೇಡವಾದ ಕಪ್ಪೆಗಳ ಗುಡ್ಡೆಯಿತ್ತು.

"ಈರಣ್ಣ, ಇವಕ್ಕೆ ಎಂತ ಆಗಿದೆ?"

"ಪಟ್ಟಿ ದಪ್ಪ ಆಗೇತವಾ. ಆವಾಜ ಏನೋ ಗುಂಡ ಹೊಡದಂಗ ಬರತೈತಿ. ಆದ್ರ ಸಣ್ಣ ಹುಡುಗ್ರ ಕೈಲೆ ಒತ್ತಾಕ ಆಗೂದಿಲ್ಲ."

"ದೊಡ್ಡವರ ಕೈಯಲ್ಲಿ?"

"ದೊಡ್ಡವ್ರು ಯಾರ ಕಪ್ಪಿ ಒತ್ಕೋಂತ ಕುಂಡರತಾರ?"

"ಹಾಗಾದ್ರೆ ಹನ್ನೆರಡು ನಂಗೆ ಕೊಡಿ. ಬಾಗಿಲಿಗೆ ತೋರಣ ಕಟ್ಟಲಿಕ್ಕೆ."

ಈರಣ್ಣ ಅವಳ ಮುಖವನ್ನೇ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. "ಒಯ್ಯವಾ. ತೋರಣ ನೋಡಾಕ ನಾ ಬರೂದಿಲ್ಲ," ಎಂದು ಎಣಿಸಿಕೊಟ್ಟ.

ಹತ್ತು ಕಪ್ಪೆಗಳು ಚಾಳಿನ ಹತ್ತು ಹೆಂಗಸರ ಕೈ ಸೇರಿದವು. ನೆಲಮಹಡಿಯ ಮುದುಕಿ ಅಂಬವ್ವ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಹನ್ನೊಂದನೆಯದು ಅಪ್ಪಿಗೆ. ಉಳಿದ ಒಂದನ್ನು ಅವಳು ಗೋಡೆಗೂಡಿನಲ್ಲಿ ಅರಿಶಿನದ ಡಬ್ಬಿಯ ಪಕ್ಕ ಇಟ್ಟಳು.

ಮಂಗಳವಾರ ಸಂಜೆ ರಾಯರು ಆಫೀಸಿನಿಂದ ಬಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಟಿಕ್. ಎರಡನೆಯದು. ಟಿಕ್. ನಿಂತರು, ಸದ್ದೂ ನಿಂತಿತು. ಕಾಲನ್ನು ಎತ್ತಿ ಗಾಳಿಯಲ್ಲೇ ಹಿಡಿದುಕೊಂಡರು. ಏನೂ ಇಲ್ಲ. ಮೆಲ್ಲಗೆ ಇಳಿಸಿದರು. ಟಿಕ್. ಅರೆತೆರೆದ ಬಾಗಿಲುಗಳ ಹಿಂದೆ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಒಬ್ಬರಿಂದೊಬ್ಬರಿಗೆ ರಾಯರನ್ನು ದಾಟಿಸುತ್ತಿದ್ದರು. ನಲವತ್ತು ಮೆಟ್ಟಿಲಿಗೆ ನಲವತ್ತು ಟಿಕ್.

ಬುಧವಾರ ರಾಯರು ಬೂಟನ್ನು ಮೋಚಿಯ ಬಳಿ ಒಯ್ದರು. ಬೂಟು ಸರಿಯಾಗಿದೆ ಎಂದ ಅವನು. ಗುರುವಾರ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತಿದರು. ಟಿಕ್, ಟಿಕ್. ಬೂಟಲ್ಲದಿದ್ದರೆ ಉಳಿದದ್ದು ಒಂದೇ. ರಾಯರು ಬಗ್ಗಿ ತಮ್ಮ ಮಂಡಿಗಳನ್ನು ಮುಟ್ಟಿ ನೋಡಿಕೊಂಡರು. ಅಂದು ಮೇಲೆ ಹೋಗಿ ಮಲಗಿದವರು ಶುಕ್ರವಾರ, ಶನಿವಾರ ಎರಡು ದಿನ ರಜೆ ಹಾಕಿದರು.

ಶನಿವಾರ ಮಧ್ಯಾಹ್ನ ರಾಯರ ಹೆಂಡತಿ ವಿಮಲಾ ಅಪ್ಪಿಯ ಖೋಲಿಗೆ ಬಂದರು. ಮೆತ್ತಗಿನ ಹೆಂಗಸು. ಚಾಳಿನಲ್ಲಿ ಅವರ ದನಿ ಕೇಳಿದವರೇ ಕಡಿಮೆ.

"ಏನ್ರೀ, ನಿಮ್ಮ ಕಡೆ ಮಂಡಿ ನೋವಿಗೆ ಏನು ಹಚ್ತಾರೆ? ನಮ್ಮನೆಯವರಿಗೆ ಕಾಲಿಟ್ಟಾಗಲೆಲ್ಲ ಮೂಳೆ ಸದ್ದು ಮಾಡುತ್ತಂತೆ."

ಅಪ್ಪಿಗೆ ಆ ಕ್ಷಣ ನಿಜವಾಗಿ ಅಳುಕಾಯಿತು. "ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕುದಿಸಿ ಹಚ್ಚಿ ವಿಮಲಕ್ಕ," ಎಂದಳು. ಅಳುಕಿಗೆ ಪ್ರಾಯಶ್ಚಿತ್ತವೆಂಬಂತೆ ಎಣ್ಣೆ ತರಲು ಒಳಗೆ ಹೋದಳು. ವಿಮಲಾ ಗೋಡೆಗೂಡಿನ ಪಕ್ಕ ಒರಗಿ ಕೂತಿದ್ದರು. ಎಣ್ಣೆಯ ಬಟ್ಟಲು ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ಅರಿಶಿನದ ಡಬ್ಬಿಯ ಪಕ್ಕದ ಕಪ್ಪೆ ಕಾಣಲಿಲ್ಲ. ಇಲಿಯ ಕೆಲಸವಿರಬೇಕು ಎಂದುಕೊಂಡಳು ಅಪ್ಪಿ.

ಭಾನುವಾರ ಸಂಜೆ ಅಂಗಳದಲ್ಲಿ ಕಮಿಟಿಯ ಸಭೆ. ಅಂದು ರಜೆಯಾದ್ದರಿಂದ ಕೊರಗನೂ ಬಂದಿದ್ದ. ಹೆಂಡತಿಯ ಕಾಲು ನೋಡಿದವನೇ ಎದ್ದು ಹಿಂದಿನ ಸಾಲಿಗೆ ಹೋಗಿ ಕೂತ. ರಾಯರು ಕುರ್ಚಿಯಲ್ಲಿ ಮಂಡಿಗೆ ಶಾಲು ಹೊದ್ದು ಕೂತಿದ್ದರು. ಎರಡು ಮಾರು ದೂರದವರೆಗೂ ಬೆಳ್ಳುಳ್ಳಿಯ ಘಾಟು. ಹಿಂದುಗಡೆ ವಿಮಲಾ ಸ್ಟೂಲಿನ ಮೇಲೆ ಕೂತಿದ್ದರು.

"ಜಪ್ತಿ ಮಾಡಿದ ಮಾಲಿನ ಪಟ್ಟಿ," ಎಂದು ರಾಯರು ಓದತೊಡಗಿದರು. "ನಂಬರ್ ಒಂದು. ಬುಗುರಿ, ಮರದ್ದು, ಕೆಂಪು ಬಣ್ಣ, ಮೊಳೆ ಸಹಿತ."

ಟಿಕ್.

"ನಂಬರ್ ಎರಡು. ಚೆಂಡು, ರಬ್ಬರಿನದು, ಒಂದು ಕಡೆ ನಾಯಿ ಕಚ್ಚಿದ ಗುರುತು."

ಟಿಕ್.

ರಾಯರು ತಲೆಯೆತ್ತಿದರು. ಈಗ ಅವರು ಕೂತಿದ್ದರು. ಮಂಡಿ ಅಲುಗಿರಲಿಲ್ಲ. ನಿನ್ನೆಯಿಂದ ಹಚ್ಚಿದ ಎಣ್ಣೆ, ಎರಡು ದಿನದ ರಜೆ, ಎಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. "ಮಕ್ಕಳೆಲ್ಲ ಮುಂದೆ ಬನ್ನಿ, ಕೈ ತೋರಿಸಿ," ಎಂದರು. ಮಕ್ಕಳು ಬಂದು ಕೈ ಚಾಚಿದರು. ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಅಷ್ಟರಲ್ಲಿ ಟಿಕ್, ಟಿಕ್, ಟಿಕ್ ಎಂದು ಮೂರು ದಿಕ್ಕಿನಿಂದ ಕೇಳಿತು.

"ಹಾಗಿದ್ದರೆ ಹೆಂಗಸರೂ ತೋರಿಸಿ."

ಹೆಂಗಸರು ಆರತಿ ತೆಗೆದುಕೊಳ್ಳುವವರ ಹಾಗೆ ಎರಡೂ ಕೈ ಮುಂದೆ ಚಾಚಿದರು. ಅಂಬವ್ವನ ಕಪ್ಪೆ ಸಂಚಿಯೊಳಗಿತ್ತು, ಅಪ್ಪಿಯದು ಅವಳ ತುರುಬಿನೊಳಗೆ. ಅಂಗಳ ನಿಶ್ಶಬ್ದವಾಯಿತು. ರಾಯರಿಗೆ ಗೆದ್ದ ಸಂತೋಷ.

"ನೋಡಿದಿರಾ, ಎಲ್ಲರ ಕೈ ಖಾಲಿಯಾದ ಕೂಡಲೇ ಸದ್ದು ನಿಂತಿತು. ಇದರ ಅರ್ಥವೇನು?"

ಟಿಕ್.

ಅಪ್ಪಿ ಬೆಚ್ಚಿದಳು. ತನ್ನವರ ಕೈಗಳೆಲ್ಲ ಕಣ್ಣೆದುರಿಗೇ ಇದ್ದವು. ಸದ್ದು ಬಂದದ್ದು ರಾಯರ ಕುರ್ಚಿಯ ಹಿಂದಿನಿಂದ. ರಾಯರು ಮಂಡಿಯನ್ನು ಮರೆತು ಮೆಲ್ಲಗೆ ಹಿಂದಕ್ಕೆ ತಿರುಗಿದರು.

"ವಿಮಲಾ, ಕೈ ತೋರಿಸು."

ವಿಮಲಾ ಕೈ ಬಿಚ್ಚಿದರು. ಅಂಗೈ ಮೇಲೆ ಹಸಿರು ಕಪ್ಪೆ.

"ಎಲ್ಲಿಂದ ಬಂತು ಇದು?"

"ಕಪ್ಪೆ ಅಲ್ವೇನ್ರೀ. ಹಾರಿಕೊಂಡು ಬಂತು."

ಯಾರೋ ಮೂಗಿನಲ್ಲಿ ನಕ್ಕರು. ರಾಯರಿಗೆ ಕೋಪ ಬಂತೋ ನಗು ಬಂತೋ, ಹೇಳುವುದು ಕಷ್ಟ. ಅವರು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಜೇಬಿನಿಂದ ಚೀಟಿ ತೆಗೆದರು. "ನಂಬರ್ ನಲವತ್ತೆರಡು. ಕಪ್ಪೆ, ತಗಡಿನದು. ಜಪ್ತಿಯಾಗಿದೆ."

"ಆಗಲಿ," ಎಂದರು ವಿಮಲಾ. "ಬಿಡಿಸಿಕೊಳ್ಳೋಕೆ ನಮ್ಮಪ್ಪನ ಸಹಿ ಬೇಕಲ್ವಾ? ನಾಳೆಯ ಗಾಡಿಗೆ ಮೈಸೂರಿಗೆ ಟಿಕೆಟ್ ತೆಗೆಸಿಕೊಡಿ. ಅಪ್ಪನಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ಸಹಿ ಹಾಕೋಕೆ ಎರಡು ಮೂರು ತಿಂಗಳಾಗಬಹುದು. ಅಡುಗೆಗೆ ಅಕ್ಕಿ ಬೇಳೆ ಎಲ್ಲಿದೆ ಅಂತ ಬರೆದಿಟ್ಟು ಹೋಗ್ತೀನಿ."

ಅಂಬವ್ವ ಮೊದಲು ನಕ್ಕಳು, ಆಮೇಲೆ ಇಡೀ ಅಂಗಳ. ರಾಯರು ಪೆನ್ನಿಗೆ ಮುಚ್ಚಳ ಹಾಕಿದರು. ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದರು. "ಮೈಸೂರಿಗೆಲ್ಲ ಬೇಡ," ಎಂದವರು ಜನಿವಾರಕ್ಕೆ ಕಟ್ಟಿದ್ದ ಕೀಲಿಕೈ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು.

ಪೆಟ್ಟಿಗೆ ಅಂಗಳಕ್ಕೆ ಬಂತು. ಮಕ್ಕಳು ಮುಗಿಬೀಳುವ ಮುನ್ನ ರಾಯರು ತಡೆದು, ಪಟ್ಟಿಯ ಪ್ರಕಾರವೇ ಹೆಸರು ಕರೆದು ಕರೆದು ಕೊಟ್ಟರು. ಮೆಟ್ಟಿಲ ಮೇಲೆ ಮಾತ್ರ ಗೋಟಿ ಆಡಕೂಡದು ಎಂದರು. ಅದನ್ನು ಅಪ್ಪಿಯೂ ಒಪ್ಪಿದಳು. ಮೋಹಿನಿಯ ಗೊಂಬೆ ನಂಬರ್ ಮೂವತ್ತೊಂಬತ್ತು. ಅದು ಒಣಗಿತ್ತು. ಒಣ ಬಟ್ಟೆಯೊಂದರಲ್ಲಿ ರಾಯರು ಅದನ್ನು ಸುತ್ತಿಟ್ಟಿದ್ದರು. ಅದನ್ನು ಕಂಡ ಅಪ್ಪಿಗೆ ರಾಯರ ಮೇಲಿದ್ದ ಸಿಟ್ಟು ಅರ್ಧಕ್ಕಿಳಿಯಿತು.

ಎಲ್ಲರೂ ಚದುರಿದ ಮೇಲೆ ಅವಳು ಹತ್ತಿರ ಹೋಗಿ ನಿಂತಳು. "ರಾಯರೇ, ನಿಮ್ಮ ಮಂಡಿ ಚೆನ್ನಾಗಿಯೇ ಉಂಟು. ತಪ್ಪು ನನ್ನದು."

ರಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಈ ಮಾತು ಯಾರ ಹತ್ತಿರವೂ ಆಡಬೇಡಿ. ಆಫೀಸಿನಲ್ಲಿ ವಾತ ಅಂತ ಬರೆದುಕೊಟ್ಟಿದ್ದೇನೆ. ನಾಳೆಯೂ ಸ್ವಲ್ಪ ಕುಂಟಿಕೊಂಡೇ ಹೋಗಬೇಕು."

ಆ ರಾತ್ರಿಯ ಊಟದ ಹೊತ್ತಿಗೆ ಕೊರಗ ಕೇಳಿದ, "ವಿಮಲಕ್ಕನನ್ನೂ ನೀನೇ ಸೇರಿಸಿಕೊಂಡದ್ದಾ ಮಾರಾಯ್ತಿ?"

"ಇಲ್ಲ. ಅವರು ನನಗೇ ಮೋಸ ಮಾಡಿದ್ದು," ಎಂದಳು ಅಪ್ಪಿ. ಆ ಮಾತಿನಲ್ಲಿ ದೊಡ್ಡ ಗೌರವವಿತ್ತು.

ಮುಂದಿನ ವಾರ ವಿಮಲಾ ಮತ್ತೆ ಬಂದರು. ರಂಗೋಲಿ ಹಾಕಿ ಕೈ ಪಳಗಿದ್ದ ಅವರಿಗೆ ಮನೆಯಲ್ಲಿ ಕೂತು ಕಪ್ಪೆಗಳಿಗೆ ಕಣ್ಣು ಬರೆಯುವ ಕೆಲಸ ಬೇಕಿತ್ತು. ಈರಣ್ಣ ಒಂದು ಬುಟ್ಟಿ ಕಳಿಸಿ ನೋಡಿದ. ಬುಟ್ಟಿ ತಿರುಗಿ ಬಂದಾಗ ಕಪ್ಪೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಈ ಕಪ್ಪಿ ಓರೆಗಣ್ಣಾಗ ನೋಡಾಕತ್ತೈತಲ್ಲವಾ. ಏನೋ ಕಳವು ಮಾಡಿ ಬಂದಂಗ ಐತಿ."

"ಇರಲಿ ಬಿಡಿ," ಎಂದಳು ಅಪ್ಪಿ. "ಚಂದ ಉಂಟು."

ದಾದರಿನ ಅಂಗಡಿಯವರು ಮರುತಿಂಗಳು ಓರೆಗಣ್ಣಿನ ಕಪ್ಪೆಯನ್ನೇ ಕೇಳಿ ಪಡೆದರು. ರಾಯರ ಮನೆಯ ಕಿಟಕಿಯಲ್ಲಿ ಸಾಲುಸಾಲಾಗಿ ಕಪ್ಪೆಗಳು ಬಣ್ಣ ಒಣಗಿಸಿಕೊಳ್ಳುತ್ತಿದ್ದವು. ಸಂಜೆ ಆಫೀಸಿನಿಂದ ಬಂದ ರಾಯರು ಕೋಟು ಕಳಚಿ, ಕನ್ನಡಕ ಏರಿಸಿ, ಹೆಂಡತಿಯ ಪಕ್ಕದಲ್ಲಿ ಕೂತು ಅವುಗಳನ್ನು ಡಜನು ಡಜನಾಗಿ ಕಟ್ಟಿ ಕೊಡುತ್ತಿದ್ದರು. ಅಪ್ಪಿ ಬುಟ್ಟಿ ಒಯ್ಯಲು ಹೋದಾಗಲೆಲ್ಲ ಒಂದು ಲೋಟ ಕಾಫಿ ಸಿಗುತ್ತಿತ್ತು.